ಟಿ-ಶರ್ಟ್ ಮೇಲಿನ ಜರ್ಮನ್ ರೈಲ್ವೆ ಫಲಕ ಎಷ್ಟು ಹಳೆಯದು?

ಪ್ರಶ್ನೆ: ಕೆಂಪು ತ್ರಿಕೋನದೊಳಗೆ ಹೊಗೆ ಬಿಡುವ ಎಂಜಿನ್ ಇರುವ ಟಿ-ಶರ್ಟ್ ಕೊಂಡೆ. ಹಳೆಯ ಜರ್ಮನ್ ರೈಲ್ವೆ ಕ್ರಾಸಿಂಗ್ ಫಲಕದ ಚಿತ್ರವಂತೆ. ನಿಜಕ್ಕೂ ಯಾವ ಕಾಲದ್ದು?

ಉತ್ತರ: ಒಂದೇ ಇಸವಿ ಹೇಳೋದು ಕಷ್ಟ. ಈ ಎಂಜಿನ್ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ರಸ್ತೆ ಬದಿಗೆ ಬಂದಿತ್ತು, 1990ರ ದಶಕದ ಆರಂಭದವರೆಗೂ ಅಲ್ಲೇ ನಿಂತಿತ್ತು. ತಮಾಷೆ ಅಂದರೆ, ಪಶ್ಚಿಮ ಜರ್ಮನಿಯ ರೈಲ್ವೆ 1977ರಲ್ಲೇ ಉಗಿ ಎಂಜಿನ್‌ಗಳನ್ನು ಮೂಲೆಗೆ ಸೇರಿಸಿತ್ತು. ಹಳಿ ಮೇಲೆ ಇಲ್ಲದ ಎಂಜಿನ್ ಫಲಕದ ಮೇಲೆ ಇನ್ನೂ ಹತ್ತು ವರ್ಷಕ್ಕೂ ಜಾಸ್ತಿ ಹೊಗೆ ಬಿಟ್ಟಿತು! ಆಮೇಲೆ ಅದರ ಜಾಗಕ್ಕೆ ಈಗಿನ ಕಾಲದ ರೈಲಿನ ಚಿತ್ರ ಬಂತು. ಹಾಗಾಗಿ ‘1920ರ ದಶಕದ ಅಪರೂಪದ ವಿನ್ಯಾಸ’ ಅಂತ ಯಾರಾದರೂ ದುಬಾರಿ ಬೆಲೆ ಹೇಳಿದರೆ ಸುಮ್ನೆ ನಂಬಬೇಡಿ.

ಎಂಜಿನ್ ಚಿತ್ರಕ್ಕೆ ‘ಮುಂದೆ ಗೇಟ್ ಇಲ್ಲ’ ಎಂಬ ಅರ್ಥವಿತ್ತು. ಗೇಟ್ ಇದ್ದ ಕಡೆ ಬೇಲಿಯಂಥ ಚಿತ್ರ ಇರುತ್ತಿತ್ತು. ಈ ಬೇಲಿ ಚಿತ್ರದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಮೋಟಾರು ವಾಹನ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1909ರ ಪ್ಯಾರಿಸ್ ಒಪ್ಪಂದದಲ್ಲಿ ಇದ್ದದ್ದೇ ನಾಲ್ಕು ಎಚ್ಚರಿಕೆ ಚಿಹ್ನೆ, ಅದರಲ್ಲಿ ಗೇಟ್ ಕೂಡ ಒಂದು. ಜರ್ಮನಿ 2013ರಲ್ಲಿ ಆ ಗೇಟ್ ಚಿಹ್ನೆಯನ್ನು ಕೈಬಿಟ್ಟಿತು. ಈಗ ಗೇಟ್ ಇರಲಿ, ಇಲ್ಲದಿರಲಿ, ರೈಲಿನ ಚಿತ್ರವೇ. ನಮ್ಮಲ್ಲಿ ಎಲ್‌ಎಲ್‌ಆರ್ ಪರೀಕ್ಷೆಗೆ ಓದಿದವರಿಗೆ ಎಂಜಿನ್, ಬೇಲಿ ಎರಡೂ ಗೊತ್ತು, ಅಲ್ವಾ?

ನನ್ನನ್ನು ಕೇಳಿದರೆ, ಬಟ್ಟೆಗೆ ಎಂಜಿನ್‌ಗಿಂತ ಚೆನ್ನಾಗಿ ಒಪ್ಪುವುದು ಕ್ರಾಸಿಂಗ್‌ಗೆ ಮುಂಚೆ ಸಿಗುವ ಪಟ್ಟೆ ಫಲಕಗಳು. ಬಿಳಿ ಹಲಗೆ ಮೇಲೆ ಓರೆ ಕೆಂಪು ಪಟ್ಟೆ. ಸಾಮಾನ್ಯವಾಗಿ 240 ಮೀಟರ್ ದೂರದಲ್ಲಿ ಮೂರು, 160ರಲ್ಲಿ ಎರಡು, 80ರಲ್ಲಿ ಒಂದು. ಪಟ್ಟೆಗಳು ರಸ್ತೆಯ ಕಡೆಗೆ ಇಳಿಯುತ್ತವೆ, ಅಂದರೆ ಎಡಬದಿಯ ಫಲಕ, ಬಲಬದಿಯ ಫಲಕ ಒಂದಕ್ಕೊಂದು ಕನ್ನಡಿ. ಎರಡೂ ತೋಳಿನ ಮೇಲೆ ಒಂದೇ ದಿಕ್ಕಿಗೆ ಪಟ್ಟೆ ಹಾಕಿದ್ದರೆ, ಡಿಸೈನ್ ಮಾಡಿದವರು ಅಸಲಿ ಫಲಕಗಳನ್ನು ಸರಿಯಾಗಿ ನೋಡಿಲ್ಲ.

‘ಆಂಡ್ರೆಯಾಸ್ ಶಿಲುಬೆ’, ಅಂದರೆ ಕ್ರಾಸಿಂಗ್‌ನಲ್ಲೇ ನಿಲ್ಲಿಸುವ ಕೆಂಪು ತುದಿಯ ಬಿಳಿ X ಆಕಾರದ ಫಲಕ, ಇರುವ ಹೂಡಿಗಳೂ ಸಿಗುತ್ತವೆ. ಶಿಲುಬೆಯ ನಡುವಿನ ಮಿಂಚನ್ನು ಅಂದಕ್ಕೆ ಬಿಡಿಸಿದ್ದಲ್ಲ. ಹಳಿಯ ಮೇಲ್ಗಡೆ ಕರೆಂಟ್ ಹರಿಯುವ ತಂತಿ ಇದೆ ಎಂದು ಅದರ ಅರ್ಥ.

ಇಂಥ ಬಟ್ಟೆಯನ್ನು ನೀವೇ ಪ್ರಿಂಟ್ ಹಾಕಿಸಬಹುದಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಜರ್ಮನ್ ಕಾನೂನಿನಲ್ಲಿ ಸರ್ಕಾರಿ ನಿಯಮಗಳಿಗೆ ಕಾಪಿರೈಟ್ ಇಲ್ಲ, ಈ ಚಿಹ್ನೆಗಳು ಇರುವುದೂ ಅಲ್ಲೇ. ಆದರೆ ಅಸಲಿ ಫಲಕದಂತೆ ಕಾಣುವ ವಸ್ತುವನ್ನು ಸಂಚಾರದ ಮೇಲೆ ಪರಿಣಾಮ ಆಗುವ ಜಾಗದಲ್ಲಿ ಬಳಸುವಂತಿಲ್ಲ. ಟಿ-ಶರ್ಟ್ ಹಾಕಿಕೊಳ್ಳಿ, ಬೋರ್ಡ್ ಮಾಡಿಸಿ ರಸ್ತೆ ಬದಿ ನೆಡಬೇಡಿ.