ಫಿನ್ನಿಶ್ ಬಾಯಲ್ಲಿ ಉಳಿದ ರಾಜ

ಫಿನ್ಲೆಂಡಿನಲ್ಲಿ ರಾಜನಿಗೆ 'ಕುನಿಂಗಸ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಕಿಂಗ್, ಜರ್ಮನ್ ಭಾಷೆಯಲ್ಲಿ ಕ್ಯೋನಿಗ್, ಸ್ವೀಡಿಷ್‌ನಲ್ಲಿ ಕುಂಗ್. ನಾಲ್ಕೂ ಮೂಲದಲ್ಲಿ ಒಂದೇ ಪದ. ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಒಂದೇ ತಾಯಿಯ ಮಕ್ಕಳು. ಫಿನ್ನಿಶ್ ಮಾತ್ರ ಬೇರೆ ಮನೆತನದ್ದು. ಸಂಸ್ಕೃತಕ್ಕೂ ಕನ್ನಡಕ್ಕೂ ಇರುವ ಹಾಗೆ ಬೇರೆ ಬೇರೆ ಕುಲ. ಆದರೂ ಈ ಪದದ ಹಳೆಯ ರೂಪವನ್ನು ಜೋಪಾನವಾಗಿ ಇಟ್ಟುಕೊಂಡಿರುವುದು ಮಕ್ಕಳಲ್ಲ, ಈ ನೆರೆಮನೆ!

ಆ ತಾಯಿ ಭಾಷೆಗೆ ಮೂಲ ಜರ್ಮಾನಿಕ್ ಎಂದು ಹೆಸರು. ಸುಮಾರು 2500 ವರ್ಷಗಳ ಹಿಂದೆ ಇಂದಿನ ಡೆನ್ಮಾರ್ಕ್, ದಕ್ಷಿಣ ಸ್ವೀಡನ್, ಉತ್ತರ ಜರ್ಮನಿಯ ಕಡೆ ಜನ ಅದನ್ನು ಆಡುತ್ತಿದ್ದರು. ಆಗ ಅದನ್ನು ಬರೆದಿಟ್ಟವರಿಲ್ಲ. ಹಾಗಾಗಿ ಭಾಷಾವಿಜ್ಞಾನಿಗಳು ಅದರ ಪದಗಳನ್ನು ಲೆಕ್ಕ ಹಾಕಿ ಕಟ್ಟಿದ್ದಾರೆ. ಹಾಗೆ ಕಟ್ಟಿದ ಪದದ ಮುಂದೆ ಒಂದು ನಕ್ಷತ್ರ ಹಾಕುವುದು ರೂಢಿ: *ಕುನಿಂಗಜ಼್. ಇದು ನಾವು ಕಟ್ಟಿದ ರೂಪ, ಬರಹದಲ್ಲಿ ಸಿಕ್ಕಿದ್ದಲ್ಲ ಎಂದು ಓದುಗರಿಗೆ ತಿಳಿಸುವ ಗುರುತು ಅದು.

ಬರೆದಿಡದ ಪದವನ್ನು ಕಟ್ಟುವುದು ಅಂದರೆ ಸುಮ್ನೆ ಊಹೆ ಅಲ್ವಾ ಅನ್ನಿಸಬಹುದು. ಅಲ್ಲ. ನಮ್ಮ ಹಾಲನ್ನೇ ನೋಡಿ. ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ನಮ್ಮ ಹುಲಿ ಅಲ್ಲಿ ಪುಲಿ, ನಮ್ಮ ಹಲ್ಲು ತಮಿಳಿನಲ್ಲಿ ಪಲ್. ಒಂದು ಪದದಲ್ಲಿ ಹೀಗಾದರೆ ಆಕಸ್ಮಿಕ ಎನ್ನಬಹುದು. ಸಾಲುಸಾಲಾಗಿ ಪ ಇದ್ದ ಕಡೆ ಹ ಬಂದಿದ್ದರೆ ಅದು ನಿಯಮ. ಮೊದಲು ಕನ್ನಡದಲ್ಲೂ ಪ ಇದ್ದಿರಬೇಕು ಎಂದು ಅಕ್ಕಪಕ್ಕದ ಭಾಷೆ ನೋಡಿಯೇ ಹೇಳಬಹುದು. ನಮ್ಮ ಅದೃಷ್ಟಕ್ಕೆ ಹಳಗನ್ನಡ ಬರಹ ಉಳಿದಿದೆ. ತೆರೆದು ನೋಡಿದರೆ ಅಲ್ಲಿ ಪಾಲ್, ಪುಲಿ, ಪಲ್ ಎಂದೇ ಇದೆ. ಲೆಕ್ಕ ಸರಿಯಾಗಿದೆ!

ಜರ್ಮಾನಿಕ್ ಭಾಷೆಗಳಲ್ಲೂ ಇಂಥದ್ದೇ ನಡೆದಿದೆ. ಸಂಸ್ಕೃತ ಇವುಗಳ ದೂರದ ನೆಂಟ ಭಾಷೆ. ಅದರ ಪಿತೃ, ಪಾದ ಇರುವಲ್ಲಿ ಇಂಗ್ಲಿಷಿನಲ್ಲಿ ಫಾದರ್, ಫುಟ್. ಪ ಹೋಗಿ ಫ ಆಗಿದೆ. ತ್ರಿ ಇರುವಲ್ಲಿ ಥ್ರೀ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ತೋರಿಸಿದ್ದರು. 1822ರಲ್ಲಿ ಯಾಕೊಬ್ ಗ್ರಿಮ್ ಇದನ್ನು ಪೂರ್ತಿ ನಿಯಮವಾಗಿ ಬರೆದರು. ತಮ್ಮನ ಜೊತೆ ಸೇರಿ ಜನಪದ ಕಥೆಗಳನ್ನು ಕೂಡಿಸಿಟ್ಟ ಅದೇ ಗ್ರಿಮ್.

ಆದರೆ ಒಂದು ತೊಡಕು ಉಳಿಯಿತು. ಸಂಸ್ಕೃತದಲ್ಲಿ ಪಿತರ್, ಭ್ರಾತರ್ ಎರಡರ ನಡುವೆಯೂ ತ ಇದೆ. ಜರ್ಮಾನಿಕ್‌ನಲ್ಲಿ ಎರಡೂ ಒಂದೇ ರೀತಿ ಬದಲಾಗಬೇಕಿತ್ತು. ಹಾಗಾಗಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಪ್ಪನ ಪದಕ್ಕೆ ದ, ಅಣ್ಣತಮ್ಮನ ಪದಕ್ಕೆ ಥ ಬಂದಿದೆ. ಇಂದಿನ ಜರ್ಮನ್‌ನಲ್ಲೂ ಫಾಟರ್, ಬ್ರೂಡರ್ ಎಂದು ಬೇರೆಬೇರೆಯೇ. ಕಾರಣ ತಿಳಿಯದೆ ಐವತ್ತು ವರ್ಷ ಕಳೆಯಿತು.

ಬಿಡಿಸಿದವರು ಡೆನ್ಮಾರ್ಕಿನ ಕಾರ್ಲ್ ವೆರ್ನರ್, 1875ರಲ್ಲಿ. ಅವರಿಗೆ ದಾರಿ ತೋರಿಸಿದ್ದು ವೇದದ ಸ್ವರ. ಪಿತರ್ ಎನ್ನುವಾಗ ಉದಾತ್ತ, ಅಂದರೆ ಎತ್ತರಿಸಿ ಹೇಳುವ ಸ್ವರ, ಬೀಳುವುದು ತಕಾರದ ನಂತರ. ಭ್ರಾತರ್ ಎನ್ನುವಾಗ ಅದಕ್ಕೂ ಮೊದಲು. ಉದಾತ್ತ ತಕಾರಕ್ಕೆ ಸರಿಯಾಗಿ ಮುಂಚೆ ಇದ್ದರೆ ಥ, ಇಲ್ಲದಿದ್ದರೆ ದ. ಅಷ್ಟೇ ಗುಟ್ಟು. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ. ನಮ್ಮೂರುಗಳಲ್ಲಿ ವೇದ ಹೇಳುವವರು ಇವತ್ತಿಗೂ ಸ್ವರ ತಪ್ಪದಂತೆ ಜೋಪಾನ ಮಾಡುತ್ತಾರಲ್ಲ, ಬಾಯಿಂದ ಬಾಯಿಗೆ ಬಂದ ಆ ಎಚ್ಚರಿಕೆಯೇ ಜರ್ಮನ್ ಭಾಷೆಯ ಒಗಟು ಬಿಡಿಸಿತು.

ಈಗ ರಾಜನ ಹತ್ತಿರ ವಾಪಸ್ ಬರೋಣ. *ಕುನಿಂಗಜ಼್ ಬಂದಿದ್ದು *ಕುನ್ಯ ಎಂಬ ಪದದಿಂದ. ಅದರ ಅರ್ಥ ಕುಲ, ಮನೆತನ. ಇಂಗ್ಲಿಷಿನ ಕಿನ್ ಅದೇ. ಇದಕ್ಕೂ ಹಿಂದಿನ ಬೇರು ಸಂಸ್ಕೃತದ 'ಜನ' ಪದದ ಬೇರೇ. ನಾವು ದಿನಾ ಆಡುವ ಜನ ಸಂಸ್ಕೃತದಿಂದ ಬಂದದ್ದು, ಹಾಗಾಗಿ ಅದೂ ಕಿಂಗ್ ಪದದ ದೂರದ ನೆಂಟ. ರಷ್ಯನ್ನರು ಜರ್ಮಾನಿಕ್‌ನಿಂದ ಪಡೆದು 'ಕ್ನ್ಯಾಜ಼್' ಎಂದರು, ಅಂದರೆ ಅರಸುಮಗ. ಲಿಥುವೇನಿಯಾದಲ್ಲಿ 'ಕುನಿಗಸ್' ಈಗ ಪಾದ್ರಿ!

ಫಿನ್ನಿಶ್ ಜನ ಈ ಪದಗಳನ್ನು ತುಂಬಾ ಹಿಂದೆಯೇ ಎರವಲು ಪಡೆದರು. ಅವರಿಗೆ ಜ಼ ಉಚ್ಚಾರ ಇರಲಿಲ್ಲ, ಸ ಮಾಡಿಕೊಂಡರು. ಇಂಗ್ಲಿಷ್, ಜರ್ಮನ್ ಕಳೆದುಕೊಂಡ ಬಾಲ ಹೀಗೆ ಫಿನ್ನಿಶ್‌ನಲ್ಲಿ ಉಳಿಯಿತು. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1869ರಲ್ಲಿ ಈ ಎರವಲುಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. ಉಂಗುರದ ಪದ ಇನ್ನೂ ಚೆಂದ. ಇಂಗ್ಲಿಷಿನ ರಿಂಗ್‌ನಲ್ಲಿ ಇ ಇದೆ, ಉಳಿದ ಅಕ್ಕತಂಗಿ ಭಾಷೆಗಳಲ್ಲೂ ಇ ಇದೆ. ಫಿನ್ನಿಶ್‌ನಲ್ಲಿ ಮಾತ್ರ 'ರೆಂಗಸ್'. ಎ ಇನ್ನೂ ಇ ಆಗದೆ ಇದ್ದ ಕಾಲದಲ್ಲೇ ಪದ ಅಲ್ಲಿಗೆ ಹೋಗಿತ್ತು ಎಂದರ್ಥ. ಮೂಲ ರೂಪ *ಹ್ರೆಂಗಜ಼್. ಅದರ ಮೊದಲ ಹ ಮಾತ್ರ ಬಿದ್ದುಹೋಗಿದೆ, ಯಾಕೆಂದರೆ ಅವರ ನಾಲಿಗೆಗೆ ಪದದ ಶುರುವಿನಲ್ಲಿ ಒತ್ತಕ್ಷರ ಒಗ್ಗುತ್ತಿರಲಿಲ್ಲ.

ಇನ್ನೊಂದು ಸಾಕ್ಷಿ ಬಂಗಾರದ್ದು. ಡೆನ್ಮಾರ್ಕಿನ ಗಲ್ಲೆಹುಸ್ ಎಂಬಲ್ಲಿ 1639ರಲ್ಲಿ ಒಂದು, 1734ರಲ್ಲಿ ಇನ್ನೊಂದು, ಹೀಗೆ ಎರಡು ಬಂಗಾರದ ಕೊಂಬು ಸಿಕ್ಕವು. ಸುಮಾರು ಕ್ರಿ.ಶ. 400ರವು. ಎರಡನೆಯದರ ಮೇಲೆ ಜರ್ಮಾನಿಕ್ ಜನರ ಹಳೆಯ ರೂನ್ ಲಿಪಿಯಲ್ಲಿ ಒಂದು ಸಾಲಿತ್ತು. ಅದರಲ್ಲಿ 'ಗಸ್ಟಿಜ಼್' ಎಂಬ ಭಾಗ ಇರುವ ಹೆಸರು ಕಾಣುತ್ತದೆ. ಗಸ್ಟಿಜ಼್ ಅಂದರೆ ಅತಿಥಿ, ಇಂಗ್ಲಿಷಿನ ಗೆಸ್ಟ್, ಜರ್ಮನ್‌ನ ಗಾಸ್ಟ್. ಲ್ಯಾಟಿನ್‌ನಲ್ಲಿ ಇದರದೇ ನೆಂಟ 'ಹೋಸ್ಟಿಸ್', ಅರ್ಥ ಶತ್ರು. ಹೊರಗಿನಿಂದ ಬಂದವನು ಒಂದು ಕಡೆ ನೆಂಟ, ಇನ್ನೊಂದು ಕಡೆ ವೈರಿ! ಸ್ವೀಡಿಷ್, ಡೇನಿಷ್‌ಗಳ ಹಿಂದಿನ ರೂಪವಾದ ಹಳೆಯ ನಾರ್ಸ್ ಭಾಷೆಯಲ್ಲಿ ಇದು 'ಗೆಸ್ಟ್ರ್' ಆಗಿದೆ. ಅ ಅನ್ನು ಎ ಮಾಡಲು ಮುಂದೆ ಒಂದು ಇ ಇದ್ದಿರಬೇಕು ಎನ್ನುತ್ತದೆ ಲೆಕ್ಕ. ಕೊಂಬಿನ ಮೇಲೆ ಆ ಇ ಕೆತ್ತಿಯೇ ಇತ್ತು.

1802ರಲ್ಲಿ ಎರಡೂ ಕೊಂಬುಗಳನ್ನು ಕಳ್ಳನೊಬ್ಬ ಕದ್ದು ಕರಗಿಸಿಬಿಟ್ಟ. ಅದಕ್ಕೂ ಮುಂಚೆ ಯಾರೋ ಪುಣ್ಯಾತ್ಮರು ಚಿತ್ರ ಬರೆದಿಟ್ಟಿದ್ದರಿಂದ ಅಕ್ಷರ ಉಳಿದವು: 'ಎಕ್ ಹ್ಲೆವಗಸ್ಟಿಜ಼್ ಹೊಲ್ಟಿಯಜ಼್ ಹೊರ್ನ ತವಿದೊ'. ನಾನು, ಹೊಲ್ಟಿಯಜ಼್ ಎನಿಸಿಕೊಂಡ ಹ್ಲೆವಗಸ್ಟಿಜ಼್, ಈ ಕೊಂಬು ಮಾಡಿದೆ.