ಅಮೆರಿಕದ ‘ಪ್ರತ್ಯೇಕತಾವಾದಿ’ಗಳು ಯಾರು?

ಅಮೆರಿಕದ ವಿದೇಶಾಂಗ ನೀತಿಯ ಬಗ್ಗೆ ಬರೆಯುವಾಗ ‘ಐಸೊಲೇಷನಿಸಂ’, ಅಂದರೆ ಹೊರದೇಶಗಳ ಜಗಳದಿಂದ ದೂರ ಉಳಿಯುವ ನೀತಿ, ಎಂಬುದಕ್ಕೆ ಕಣ್ಣುಮುಚ್ಚಿ ‘ಪ್ರತ್ಯೇಕತಾವಾದ’ ಎಂದು ಹಾಕುವುದನ್ನು ಮೊನ್ನೆ ಇನ್ನೊಮ್ಮೆ ಓದಿದೆ. ಖಾಲಿಸ್ತಾನ ಬೇಕೆನ್ನುವವರಿಗೂ ನಾವು ಕೊಟ್ಟಿರುವ ಹೆಸರು ಅದೇ. ದೇಶ ಒಡೆದುಕೊಂಡು ಹೋಗಬೇಕೆನ್ನುವವನೂ, ಊರವರ ಜಗಳ ನಮಗೇಕೆ ಎನ್ನುವವನೂ ಒಂದೇ ಆಗುವುದು ಹೇಗೆ?

ಅಮೆರಿಕದಲ್ಲಿ ಅಸಲಿ ಪ್ರತ್ಯೇಕತಾವಾದಿಗಳೂ ಇದ್ದರು. 1860–61ರಲ್ಲಿ ಹನ್ನೊಂದು ದಕ್ಷಿಣ ರಾಜ್ಯಗಳು ಒಕ್ಕೂಟದಿಂದ ಹೊರಬಿದ್ದವು. ಹೊರಬಿದ್ದವರು ಸುಮ್ಮನೆ ಕುಳಿತರೇ? ಮಾನ್ಯತೆ ಕೊಡಿ ಎಂದು ಲಂಡನ್ನಿಗೂ ಪ್ಯಾರಿಸ್ಸಿಗೂ ದೂತರನ್ನು ಅಟ್ಟಿದರು. ಐಸೊಲೇಷನಿಸಂಗೆ ತದ್ವಿರುದ್ಧವಾದ ನಡೆ ಅದು.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಇನ್ಸುಲಾ’, ಅಂದರೆ ನಡುಗಡ್ಡೆ. ಸುತ್ತ ನೀರಿದೆ, ಯಾರೂ ಸುಲಭಕ್ಕೆ ಬರಲಾರರು ಎಂಬ ನೆಮ್ಮದಿ ಆ ಪದದೊಳಗೇ ಇದೆ. ಎರಡು ಸಾಗರಗಳ ನಡುವಿನ ದೇಶಕ್ಕೆ ಅದು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ‘ಪ್ರತ್ಯೇಕ’ದಲ್ಲಿ ನೀರೂ ಇಲ್ಲ, ದಡವೂ ಇಲ್ಲ, ‘ಪ್ರತಿ’ ಮತ್ತು ‘ಏಕ’ ಸೇರಿ ಒಂದೊಂದೂ ಬೇರೆಬೇರೆ ಎಂದಷ್ಟೇ ಹೇಳುತ್ತದೆ. ದಡ ಇರುವುದು ‘ತಟಸ್ಥ’ದಲ್ಲಿ: ತಟದಲ್ಲಿ ನಿಂತವನು. ಹೊಳೆಯ ನಡುವೆ ಇಬ್ಬರು ಬಡಿದಾಡುವಾಗ ದಡದಲ್ಲಿ ನಿಲ್ಲುವ ಈ ಸ್ಥಿತಿಯನ್ನೇ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1793ರಲ್ಲಿ ಬ್ರಿಟನ್–ಫ್ರಾನ್ಸ್ ಯುದ್ಧದ ವೇಳೆ ಘೋಷಿಸಿದ್ದು. ಆದರೆ ತಾಟಸ್ಥ್ಯ ಒಂದು ಯುದ್ಧಕ್ಕೆ ಸಂಬಂಧಿಸಿದ್ದು, ಯುದ್ಧ ಮುಗಿದರೆ ಅದೂ ಮುಗಿಯಿತು. ಇನ್ನು ‘ಅಲಿಪ್ತ’ ಎಂದರೆ ಮೆತ್ತಿಕೊಳ್ಳದವನು. ನೆಹರೂ ಕಾಲದ ಆ ಪದವನ್ನು 1796ರ ಅಮೆರಿಕಕ್ಕೆ ಹಚ್ಚುವವರೂ ಇದ್ದಾರೆ. ಅವರ ತಂಟೆಗೆ ಇವತ್ತು ಹೋಗುವುದಿಲ್ಲ.

1796 ಎಂದೊಡನೆ ಇನ್ನೊಂದು ತಪ್ಪು ನೆನಪಾಗುತ್ತದೆ. ‘ತೊಡಕಿನ ಮೈತ್ರಿಗಳು’ ಬೇಡ ಎಂದವರು ವಾಷಿಂಗ್ಟನ್ ಎಂದು ಎಲ್ಲರೂ ಬರೆಯುತ್ತಾರೆ. ಅವರು ಬೇಡವೆಂದದ್ದು ಶಾಶ್ವತ ಮೈತ್ರಿಗಳನ್ನು, ಅದೂ ಅಧ್ಯಕ್ಷಗಿರಿ ಬಿಡುವ ಮುನ್ನ ಆ ವರ್ಷ ಪತ್ರಿಕೆಯಲ್ಲಿ ಅಚ್ಚಾದ ವಿದಾಯಪತ್ರದಲ್ಲಿ. ಅದು ಭಾಷಣವೇ ಅಲ್ಲ. ‘ತೊಡಕಿನ ಮೈತ್ರಿಗಳು’ ಎಂಬ ಮಾತು ಮುಂದೆ ಅಧ್ಯಕ್ಷರಾದ ಜೆಫರ್ಸನ್ ಅವರದು, 1801ರದು.

ಪದ ಸರಿಪಡಿಸಿದ ಮಾತ್ರಕ್ಕೆ ಇತಿಹಾಸ ಸರಿಹೋಗುವುದಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಮೆಕ್ಸಿಕೊ ಜೊತೆ 1846ರಲ್ಲಿ ಯುದ್ಧಕ್ಕಿಳಿದ, 1853ರಲ್ಲಿ ಜಪಾನಿನ ಬಾಗಿಲಿಗೆ ಯುದ್ಧನೌಕೆ ಕಳುಹಿಸಿದ, 1898ರಲ್ಲಿ ಫಿಲಿಪ್ಪೀನ್ಸ್ ಕಬಳಿಸಿದ ದೇಶವನ್ನು ನಡುಗಡ್ಡೆ ಎನ್ನುವುದಕ್ಕೆ ಧೈರ್ಯ ಬೇಕು. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದವನ್ನು ಸೆನೆಟ್ ತಳ್ಳಿಹಾಕಿ, ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘದಿಂದ (ಲೀಗ್ ಆಫ್ ನೇಷನ್ಸ್) ದೂರ ಉಳಿದ ಇಪ್ಪತ್ತರ ದಶಕದಲ್ಲೂ ಅಮೆರಿಕದ ಸೈನಿಕರು ಹೈಟಿಯಲ್ಲಿದ್ದರು, ನಿಕರಾಗುವಾದಲ್ಲಿದ್ದರು. ಯುರೋಪಿನ ತಂಟೆ ಬೇಡ ಎಂಬುದಷ್ಟೇ ಆ ‘ಒಂಟಿತನ’ದ ಅರ್ಥ. ನೆರೆಯವರಿಗೆ ಆ ಭಾಗ್ಯ ಇರಲಿಲ್ಲ.

ಹೆಸರಿಗೆ ನಿಜಕ್ಕೂ ಹತ್ತಿರ ಬಂದದ್ದು 1935ರಿಂದ 1941ರವರೆಗಿನ ಕೆಲವೇ ವರ್ಷಗಳು. ಯುದ್ಧನಿರತ ದೇಶಗಳಿಗೆ ಶಸ್ತ್ರಾಸ್ತ್ರ ಮಾರಬಾರದೆಂಬ ತಾಟಸ್ಥ್ಯ ಕಾಯ್ದೆಗಳು ಬಂದವು, 1940ರಲ್ಲಿ ಯುರೋಪಿನ ಯುದ್ಧಕ್ಕೆ ಇಳಿಯಬಾರದೆನ್ನುವ ‘ಅಮೆರಿಕ ಫಸ್ಟ್’ ಸಮಿತಿ ಹುಟ್ಟಿತು. ಅಲ್ಲೂ ‘ಐಸೊಲೇಷನಿಸ್ಟ್’ ಎನ್ನುವುದು ಹೆಚ್ಚಾಗಿ ಎದುರಾಳಿಗಳು ಬಳಸಿದ ಬೈಗುಳ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿಯಾದ ಕೆಲವೇ ದಿನಗಳಲ್ಲಿ ಸಮಿತಿ ಬಾಗಿಲು ಹಾಕಿತು.

ಕನ್ನಡಕ್ಕೆ ‘ಹೊರಗುಳಿಯುವ ನೀತಿ’ ಸಾಕು. ‘ವಾದ’ ಸೇರಿಸದೆ ತಲೆಬರಹಕ್ಕೆ ತೂಕ ಬರುವುದಿಲ್ಲ ಎನ್ನುವವರು ‘ಐಸೊಲೇಷನಿಸಂ’ ಎಂದೇ ಬರೆಯಲಿ. ಕ್ಯಾಲಿಫೋರ್ನಿಯಾ ಬೇರೆ ದೇಶವಾಗಲು ಹೊರಟಿದೆಯೇ ಎಂದು ಓದುಗರು ಗಾಬರಿಯಾಗುವುದಾದರೂ ತಪ್ಪುತ್ತದೆ.