ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲಲು ಶಿಕ್ಷಕರೇ ಆಗಿರಬೇಕೇ?

ಪ್ರಶ್ನೆ: ಗದಗಿನ ಖಾಸಗಿ ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ನಿಲ್ಲುವ ಆಸೆಯಿದೆ. ಅಭ್ಯರ್ಥಿ ಶಿಕ್ಷಕರೇ ಆಗಿರಬೇಕೆಂಬ ನಿಯಮ ಇದೆಯೇ?

ಇಲ್ಲ. ಸಂವಿಧಾನದ 171ನೇ ವಿಧಿ ಮತದಾರರು ಶಿಕ್ಷಕರಾಗಿರಬೇಕು ಎನ್ನುತ್ತದೆ, ಅಭ್ಯರ್ಥಿಗೆ ಆ ಷರತ್ತು ಹಾಕಿಲ್ಲ. ನಿಮಗೆ 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ಮಾತ್ರ ಇದೇ ಶಿಕ್ಷಕರ ಕ್ಷೇತ್ರದ ಮತದಾರರಾಗಿರಬೇಕು. ಸರ್ಕಾರಿ ಶಾಲೆಯವರಾದರೆ ರಾಜೀನಾಮೆ ಅಂಗೀಕಾರವಾದ ಮೇಲೆಯೇ ನಾಮಪತ್ರದ ಮಾತು.

ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಈ ಕ್ಷೇತ್ರದಲ್ಲಿ 1980ರಲ್ಲಿ ಮೊದಲ ಸಲ ಗೆದ್ದ ಬಸವರಾಜ ಹೊರಟ್ಟಿಯವರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. 2022ರಲ್ಲಿ ಎಂಟನೇ ಸಲ ಗೆದ್ದರು. ಅವಧಿ ಆರು ವರ್ಷ, ಹಾಗಾಗಿ ಮುಂದಿನ ಸರದಿ 2028.

ನಿಲ್ಲುವವರು ಮೊದಲು ನೋಡಬೇಕಾದದ್ದು ಶಿಕ್ಷಕರ ಕ್ಷೇತ್ರದ ಮತದಾರರ ಪಟ್ಟಿ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಪ್ರತಿ ಚುನಾವಣೆಗೂ ಈ ಪಟ್ಟಿಯನ್ನು ಹೊಸದಾಗಿಯೇ ತಯಾರಿಸುತ್ತಾರೆ. ಹೋದ ಸಲ ಮತ ಹಾಕಿದವರೂ ಮತ್ತೆ ನಮೂನೆ 19 ತುಂಬಬೇಕು, ಇಲ್ಲದಿದ್ದರೆ ಹೆಸರಿಲ್ಲ. ಅರ್ಹತಾ ದಿನ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಕಲಿಸಿರಬೇಕು. ಪಿಯು, ಡಿಗ್ರಿ ಉಪನ್ಯಾಸಕರಿಗೂ ಮತವುಂಟು, ಪ್ರಾಥಮಿಕ ಶಾಲೆಯವರಿಗಿಲ್ಲ. ಅವರನ್ನು ಹೊರಗಿಟ್ಟಿರುವುದು ನ್ಯಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಮೂರು ವರ್ಷ ಸತತವಾಗಿರಬೇಕಿಲ್ಲ. ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ 22 ತಿಂಗಳು, ಗದಗಿನಲ್ಲಿ 14 ತಿಂಗಳು ಕಲಿಸಿದ್ದರೆ 36 ಆಯಿತು. ಆದರೆ ಎರಡೂ ಕಡೆಯ ಮುಖ್ಯಸ್ಥರಿಂದ ದಿನಾಂಕ ಸಹಿತ ಸೇವಾ ಪ್ರಮಾಣಪತ್ರ ಬೇಕು. ಇನ್ನೊಂದು: ಹೆಸರು ಸೇರುವುದು ವಾಸದ ಊರಿನ ಮೇಲೆ, ಶಾಲೆಯ ಊರಿನ ಮೇಲಲ್ಲ. ರಾಣೆಬೆನ್ನೂರಿನಲ್ಲಿ ಮನೆ ಮಾಡಿ ದಿನಾ ಹರಿಹರಕ್ಕೆ ಹೋಗಿಬರುವವರು ನಿಮ್ಮ ಮತದಾರರೇ.

ಅರ್ಜಿ ಕರೆಯುವುದು ಅಕ್ಟೋಬರ್‌ನಲ್ಲಿ, ಕೊನೆಯ ದಿನ ನವೆಂಬರ್ ಮೊದಲ ವಾರ. ನಡುವೆ ದಸರಾ ರಜೆ ಬಂದು ಮುಖ್ಯೋಪಾಧ್ಯಾಯರು ಕೈಗೆ ಸಿಗುವುದಿಲ್ಲ, ಸಹಿ ಉಳಿದುಬಿಡುತ್ತದೆ. ಸೆಪ್ಟೆಂಬರ್‌ನಲ್ಲೇ ಸೇವಾ ದಾಖಲೆ ಜೋಡಿಸಿಕೊಳ್ಳಲು ಸಹೋದ್ಯೋಗಿಗಳಿಗೆ ಹೇಳಿ. ಹೊರಗಿನವರು ಕಟ್ಟುಗಟ್ಟಲೆ ತಂದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯವನ್ನು ಒಟ್ಟಿಗೆ ಕಳಿಸಬಹುದು.

ಮತ ಹಾಕುವ ರೀತಿಯನ್ನೂ ಪ್ರಚಾರದಲ್ಲೇ ತಿಳಿಸಬೇಕು. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕನ್ನಡದ ೧ ಕೂಡ ನಡೆಯುತ್ತದೆ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ, ಇಬ್ಬರಿಗೆ 1 ಕೊಟ್ಟರೆ ಮತ ಅಸಿಂಧು. ದಿನವಿಡೀ ಉತ್ತರಪತ್ರಿಕೆಗೆ ಟಿಕ್ ಹಾಕುವ ಕೈ ಅಲ್ಲೂ ಟಿಕ್ ಹಾಕೀತು. 10,000 ಸಿಂಧು ಮತಗಳಿದ್ದರೆ ಗೆಲುವಿನ ಕೋಟಾ 5,001. ಮೊದಲ ಸುತ್ತಿನಲ್ಲಿ ಯಾರೂ ಮುಟ್ಟದಿದ್ದರೆ ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರ ಲೆಕ್ಕಕ್ಕೆ ಸೇರಿಸುತ್ತಾರೆ. ಆದ್ದರಿಂದ ಬೇರೆಯವರಿಗೆ 1 ಕೊಡುವ ಶಿಕ್ಷಕರ ಮನೆಗೂ ಹೋಗಿ 2 ಕೇಳಿ.